ನೆಲದ ಮೇಲಿದ್ದಾಗಲೇ ಹೇಳಿ

ಕೇಳುಗರಿಗೆ ನಮಸ್ಕಾರ.

ಕಾರವಾರ ಆಕಾಶವಾಣಿಯಿಂದ ಫೋನ್ ಬಂತು. ಗ್ಲುಟೆನ್ ಬಗ್ಗೆ ಹದಿನೈದು ನಿಮಿಷ ಮಾತಾಡ್ತೀರಾ ಮೇಡಂ ಎಂದು ಕೇಳಿದರು. ಮಾತಾಡ್ತೇನೆ, ಆದರೆ ವಿಮಾನದ ಊಟದ ಬಗ್ಗೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಬಿಸಿನೆಸ್ ಕ್ಲಾಸಿನಲ್ಲಿ ಹೋಗುವವರು ಯಾರಿದ್ದಾರೆ ಅಂತ ಅವರ ಅನುಮಾನ ಇರಬೇಕು. ಇದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಅಡಿಕೆ ತೋಟದ ನಾಲ್ಕು ಮನೆ ಹೊಕ್ಕು ಬನ್ನಿ. ಮಗನೋ ಮಗಳೋ ಹೊರದೇಶದಲ್ಲಿರುತ್ತಾರೆ. ಭಟ್ಕಳದವರಿಗೆ ದುಬೈ ಎಂದರೆ ನಮಗೆ ಹುಬ್ಬಳ್ಳಿ ಇದ್ದ ಹಾಗೆ. ಅಪ್ಪ ಅಮ್ಮನಿಗೆ ಮಂಡಿನೋವು, ಹತ್ತು ತಾಸು ಕಾಲು ಮಡಚಿ ಕೂರಲಿಕ್ಕೆ ಆಗುವುದಿಲ್ಲ ಅಂತ ಮಕ್ಕಳು ದುಡ್ಡು ಹಾಕಿ ದೊಡ್ಡ ಸೀಟಿನ ಟಿಕೆಟ್ ಕಳಿಸುತ್ತಾರೆ. ನಾನು ಮಾತಾಡುತ್ತಿರುವುದು ಆ ಅಪ್ಪ ಅಮ್ಮಂದಿರ ಹತ್ತಿರ. ಅವರಲ್ಲೂ ಗೋಧಿ ಮುಟ್ಟಬೇಡಿ ಎಂದು ಡಾಕ್ಟರ್ ಹೇಳಿದವರ ಹತ್ತಿರ.

ಒಂದೇ ಮಾತು ಹೇಳುತ್ತೇನೆ. ಬೇಕಾದರೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ. ನೆಲದ ಮೇಲಿದ್ದಾಗಲೇ ಹೇಳಿ. ಮೇಲೆ ಹೋದ ಮೇಲೆ ಹೇಳಿ ಪ್ರಯೋಜನ ಇಲ್ಲ. ಮೇಲೆ ಎಂದರೆ ವಿಮಾನದಲ್ಲಿ, ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಮೊದಲು ಈ ಗ್ಲುಟೆನ್ ಎಂದರೆ ಎಂತ ಅಂತ ನೋಡೋಣ. ಗೋಧಿಹಿಟ್ಟಿಗೆ ನೀರು ಹಾಕಿ ನಾದಿದರೆ ರಬ್ಬರಿನ ಹಾಗೆ ಎಳೆಯಲಿಕ್ಕೆ ಬರುತ್ತದೆ. ಅಕ್ಕಿಹಿಟ್ಟನ್ನು ಎಳೆದು ನೋಡಿ, ಮುರಿದು ಬೀಳುತ್ತದೆ. ಗೋಧಿಗೆ ಆ ಎಳೆತ ಕೊಡುವ ಪ್ರೋಟೀನೇ ಗ್ಲುಟೆನ್. ಗೋಧಿಯಲ್ಲಿದೆ, ಜವೆಗೋಧಿ ಅಂದರೆ ಬಾರ್ಲಿಯಲ್ಲಿದೆ, ರೈ ಎಂಬ ಧಾನ್ಯದಲ್ಲಿದೆ. ರವೆ, ಮೈದಾ, ಶಾವಿಗೆ ಹೆಚ್ಚಾಗಿ ಗೋಧಿಯ ಮಕ್ಕಳೇ. ಅಕ್ಕಿ, ರಾಗಿ, ಜೋಳದಲ್ಲಿ ಇಲ್ಲ. ಸೀಲಿಯಾಕ್ ಎಂಬ ಕಾಯಿಲೆ ಇದ್ದವರು ಗ್ಲುಟೆನ್ ತಿಂದರೆ ಅವರ ದೇಹ ತನ್ನ ಸಣ್ಣ ಕರುಳಿನ ಮೇಲೇ ತಿರುಗಿ ಬೀಳುತ್ತದೆ. ಕರುಳಿನ ಒಳಗೋಡೆ ಮಖಮಲ್ಲಿನ ಬಟ್ಟೆಯ ಹಾಗಿರಬೇಕು. ಅದು ಸವೆದು ಸಪಾಟಾಗುತ್ತದೆ. ಆಮೇಲೆ ಉಂಡಿದ್ದು ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆ ಉಬ್ಬರ, ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್. ಜಗತ್ತಿನಲ್ಲಿ ಸುಮಾರು ನೂರರಲ್ಲಿ ಒಬ್ಬರಿಗೆ ಇದೆ. ಗ್ಲುಟೆನ್ ಬಿಡುವುದೊಂದೇ ಔಷಧ, ಅದೂ ಬದುಕಿರುವಷ್ಟು ದಿನ.

ಇದು ಗೊತ್ತಾಗಿದ್ದೂ ಒಂದು ಕತೆ. ಹಾಲೆಂಡಿನಲ್ಲಿ ವಿಲ್ಲೆಮ್ ಡಿಕ್ಕೆ ಎಂಬ ಮಕ್ಕಳ ಡಾಕ್ಟರ್ ಇದ್ದರು. ಈ ಮಕ್ಕಳಿಗೆ ಗೋಧಿ ಆಗುವುದಿಲ್ಲ ಎಂಬ ಗುಮಾನಿ ಅವರಿಗೆ ಮೊದಲೇ ಇತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬರ ಬಿತ್ತು, ಬ್ರೆಡ್ ಸಿಗದಾಯಿತು. ಊರಿಗೆ ಊರೇ ಹಸಿದಿದ್ದಾಗ ಈ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿ ಬಂತು, ಕಾಯಿಲೆಯೂ ಮರಳಿ ಬಂತು.

ತೂಕ ಇಳಿಸಲಿಕ್ಕೆ, ಫ್ಯಾಷನ್ನಿಗೆ ಗೋಧಿ ಬಿಟ್ಟವರಿಗೆ ಈ ಮಾತು ಅಲ್ಲ. ನಿಮಗೆ ಒಂದು ಚೂರು ಬ್ರೆಡ್ಡಿನಿಂದ ಏನೂ ಆಗುವುದಿಲ್ಲ, ನೆಮ್ಮದಿಯಿಂದ ತಿನ್ನಿ. ಅನುಮಾನ ಇದ್ದವರು ಮೊದಲು ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಗೋಧಿ ಬಿಡಿ. ಮೊದಲೇ ಬಿಟ್ಟು ಬಂದರೆ ಪರೀಕ್ಷೆಯಲ್ಲಿ ಏನೂ ಕಾಣದೇ ಹೋಗಬಹುದು. ಇದನ್ನು ಮೂವತ್ತು ವರ್ಷದಿಂದ ಹೇಳುತ್ತಾ ಬಂದೆ. ಕೇಳುವವರು ಕಡಿಮೆ.

ಹೇಳುವವಳಾದ ನನಗೇ ಐವತ್ತೆರಡನೇ ವರ್ಷಕ್ಕೆ ಸೀಲಿಯಾಕ್ ಎಂದು ಗೊತ್ತಾಯಿತು. ಆಹಾರ ತಜ್ಞೆ ಅಂತ ಬಾಗಿಲಿಗೆ ಬೋರ್ಡು ಬೇರೆ! ಮನೆಯಲ್ಲಿ ಕಷ್ಟ ಆಗಲಿಲ್ಲ. ನಮ್ಮದು ಅಕ್ಕಿಯ ಸೀಮೆ. ಬೆಳಿಗ್ಗೆ ತೆಳ್ಳೇವು ಎಂಬ ಅಕ್ಕಿಯ ತೆಳು ದೋಸೆ, ಮಧ್ಯಾಹ್ನ ಅನ್ನ, ತಂಬುಳಿ, ಅಪ್ಪೆಹುಳಿ ಎಂಬ ಮಾವಿನಕಾಯಿಯ ನೀರುಸಾರು. ಕರಾವಳಿಯವರು ಮೀನಿಗೆ ರವೆ ಹಚ್ಚಿ ಹುರಿಯುವುದನ್ನು ಬಿಟ್ಟು ಅಕ್ಕಿಹಿಟ್ಟು ಹಚ್ಚಿದರೆ ಮುಗಿಯಿತು. ಆದರೂ ನನಗೆ ಆರು ತಿಂಗಳು ಹೊಟ್ಟೆ ಸರಿಹೋಗಲೇ ಇಲ್ಲ. ಕೊನೆಗೆ ಸಿಕ್ಕಿಬಿದ್ದ ಕಳ್ಳ ಯಾರು ಗೊತ್ತಾ? ಹಿಂಗಿನ ಡಬ್ಬಿ. ಅಂಗಡಿಯ ಪುಡಿ ಹಿಂಗು ಬರೀ ಹಿಂಗಲ್ಲ. ಅದಕ್ಕೆ ಹಿಟ್ಟು ಬೆರೆಸಿರುತ್ತಾರೆ, ಎಷ್ಟೋ ಡಬ್ಬಿಗಳಲ್ಲಿ ಅದು ಗೋಧಿಯದು. ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಅದನ್ನು ತನ್ನಿ.

ಈಗ ವಿಮಾನಕ್ಕೆ ಬರೋಣ. ಮಗ ಶಿಕಾಗೋದಲ್ಲಿದ್ದಾನೆ. ಮೊಮ್ಮಗಳ ನಾಮಕರಣಕ್ಕೆ ಅಂತ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಶಿಕಾಗೋಗೆ ಬಿಸಿನೆಸ್ ಕ್ಲಾಸ್ ಟಿಕೆಟ್ ಮಾಡಿಸಿದ. ಟಿಕೆಟ್ ಮಾಡಿಸುವಾಗ ಊಟ ಯಾವುದು ಎಂದು ಕಂಪ್ಯೂಟರ್ ಕೇಳಿದೆಯಂತೆ. ಅಮ್ಮ ಸಸ್ಯಾಹಾರಿ ಅಂತ ಇವನು ಹಿಂದೂ ವೆಜಿಟೇರಿಯನ್ ಒತ್ತಿದ್ದಾನೆ. ನನ್ನ ಗೋಧಿಯ ವಿಷಯ ಏನಪ್ಪಾ ಎಂದು ಕೇಳಿದೆ. "ಆಯಿ, ನೀ ಎಂತ ಚಿಂತೆ ಮಾಡಡ. ಬಿಸಿನೆಸ್ ಕ್ಲಾಸಲ್ಲಿ ಕೇಳಿದ್ದೆಲ್ಲ ಸಿಗ್ತು" ಅಂದ. ನಾನೂ ನಂಬಿದೆ.

ಹತ್ತಿದ ಕೂಡಲೇ ಏನು ಉಪಚಾರ ಅಂತೀರಿ! ಕೈ ಒರೆಸಲಿಕ್ಕೆ ಬಿಸಿ ಬಟ್ಟೆ. ಪಿಂಗಾಣಿ ಬಟ್ಟಲಿನಲ್ಲಿ ಬೆಚ್ಚಗಿನ ಗೋಡಂಬಿ. ಅದರ ಮೇಲೆ ಏನೋ ಮಸಾಲೆಯ ಲೇಪ, ಮುಟ್ಟಲಿಲ್ಲ. ಮಡಚುವ ಮೇಜಿಗೆ ಬಿಳಿ ಬಟ್ಟೆ ಹಾಸಿದರು. ಮದುವೆ ಕಾಗದದಂಥ ಮೆನು ಕೊಟ್ಟರು. ಆಮೇಲೆ ನನ್ನ ಊಟ ಬಂತು. ಪರೋಟ, ಪನೀರ್, ದಾಲ್, ಅನ್ನ. ಪರೋಟವನ್ನು ಅನ್ನದ ಮೇಲೇ ಮಲಗಿಸಿದ್ದಾರೆ. ದಾಲಿನಿಂದ ಹಿಂಗಿನ ಪರಿಮಳ ಘಮ್ಮೆಂದು ಬರುತ್ತಿದೆ. ನನಗೆ ಗೋಧಿ ಆಗುವುದಿಲ್ಲಮ್ಮಾ ಎಂದೆ. ಗಗನಸಖಿ ತುಂಬಾ ಮರ್ಯಾದೆಯ ಹುಡುಗಿ, ಓಡಿಹೋಗಿ ಒಂದು ಬುಟ್ಟಿ ತಂದಳು. ಬುಟ್ಟಿ ತುಂಬ ಏನಿತ್ತು ಹೇಳಿ? ನಾಲ್ಕು ನಮೂನೆಯ ಬ್ರೆಡ್.

ಅವಳದ್ದೇನೂ ತಪ್ಪಿಲ್ಲ. ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ವಿಮಾನದಲ್ಲಿ ಅಡುಗೆಮನೆ ಅಂತ ಕರೆಯುವ ಜಾಗ ಇದೆ, ಅಲ್ಲಿ ಅಡುಗೆ ನಡೆಯುವುದಿಲ್ಲ. ವಿಮಾನ ನಿಲ್ದಾಣದ ಹತ್ತಿರ ಒಂದು ದೊಡ್ಡ ಪಾಕಶಾಲೆಯಲ್ಲಿ ಹಲವು ತಾಸು ಮೊದಲೇ ಬೇಯಿಸಿ, ತಣ್ಣಗೆ ಮಾಡಿ, ಲೆಕ್ಕ ಹಾಕಿ ಮೇಲೆ ಏರಿಸುತ್ತಾರೆ. ಮೇಲೆ ಬಿಸಿ ಮಾಡುವುದಷ್ಟೇ. ಎಷ್ಟು ಲಕ್ಷದ ಟಿಕೆಟ್ ಇದ್ದರೂ ಹೆಚ್ಚಿನ ವಿಮಾನಗಳಲ್ಲಿ ನಿಮಗೊಂದು ಮುಷ್ಟಿ ಅಕ್ಕಿ ಬೇಯಿಸಿ ಕೊಡಲಿಕ್ಕೆ ಯಾರಿಗೂ ಆಗುವುದಿಲ್ಲ. ಅದಕ್ಕೇ ಹೇಳಿದ್ದು, ನೆಲದ ಮೇಲಿದ್ದಾಗಲೇ ಹೇಳಿ ಅಂತ.

ಕೊನೆಗೆ ಒಂದು ತಟ್ಟೆ ಹಣ್ಣು ಸಿಕ್ಕಿತು. ಮೂರು ತುಂಡು ಕಲ್ಲಂಗಡಿ, ಎರಡು ತುಂಡು ಪಪ್ಪಾಯಿ. ಹತ್ತು ತಾಸಿಗೆ! ಪುಣ್ಯಕ್ಕೆ ಕೈಚೀಲದಲ್ಲಿ ತೊಡದೇವು ಎಂಬ ನಮ್ಮ ಕಡೆಯ ತೆಳ್ಳಗಿನ ಸಿಹಿ ತಿಂಡಿ ಇತ್ತು. ಮೊಮ್ಮಗಳ ಮನೆಗೆ ಅಂತ ಇಟ್ಟುಕೊಂಡದ್ದು. ಸ್ಟೀಲ್ ಡಬ್ಬಿ ತೆಗೆದು ಒಂದೊಂದೇ ಬಿಡಿಸಿ ತಿನ್ನಲಿಕ್ಕೆ ಶುರು ಮಾಡಿದೆ. ಪಕ್ಕದ ಸೀಟಿನಲ್ಲಿ ಒಬ್ಬರು ವಯಸ್ಸಾದ ಜರ್ಮನ್ ಗೃಹಸ್ಥರು. ನೋಡುತ್ತಾರೆ, ಆ ಕಡೆ ತಿರುಗುತ್ತಾರೆ, ಮತ್ತೆ ನೋಡುತ್ತಾರೆ. ಕೊನೆಗೆ ತಡೆಯಲಾರದೆ, ನೀವು ಕಾಗದ ತಿನ್ನುತ್ತಿದ್ದೀರಾ ಎಂದು ಕೇಳಿಯೇಬಿಟ್ಟರು.

ಪಾಪ, ಹಾಗೆ ಕಾಣುವುದು ಹೌದಲ್ವಾ. ನಾನು ಒಂದು ಕೊಟ್ಟೆ. ತಿಂದರು. ಇನ್ನೊಂದು ಕೇಳಿದರು. ಇದು ಹೇಗೆ ಮಾಡುವುದು ಎಂದರು. ನನ್ನ ಇಂಗ್ಲಿಷಿನಲ್ಲಿ ಆಲೆಮನೆಯಿಂದ ಶುರು ಮಾಡಿದೆ. ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ನುಣ್ಣಗೆ ರುಬ್ಬುವುದು, ಗಡಿಗೆಯನ್ನು ಬೋರಲು ಹಾಕಿ ಕೆಳಗೆ ಬೆಂಕಿ ಮಾಡುವುದು, ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಬೆನ್ನ ಮೇಲೆ ಒಂದೇ ಸಲ ಎಳೆಯುವುದು, ಅಂಚು ಏಳುತ್ತಿದ್ದ ಹಾಗೆ ಬಿಡಿಸಿ ಬಿಸಿಯಲ್ಲೇ ಮಡಚುವುದು. ಬೋರಲು ಗಡಿಗೆ ಎಂಬುದಕ್ಕೆ ಇಂಗ್ಲಿಷ್ ಹೊಳೆಯಲಿಲ್ಲ. ಟೀ ಕಪ್ಪನ್ನು ಬೋರಲು ಹಾಕಿ ತೋರಿಸಿದೆ. ಅದರಲ್ಲಿ ಇನ್ನೂ ಸ್ವಲ್ಪ ಟೀ ಇತ್ತು. ಬಿಳಿ ಬಟ್ಟೆಯ ಕತೆ ಕೇಳಬೇಡಿ. ಗಗನಸಖಿ ಒರೆಸಲಿಕ್ಕೆ ಬಂದವಳು ತಾನೂ ಒಂದು ತೊಡದೇವು ತಿಂದು ಹೋದಳು. ಫ್ರಾಂಕ್‌ಫರ್ಟಿನಲ್ಲಿ ಇಳಿಯುವಾಗ ಡಬ್ಬಿಯಲ್ಲಿ ಪುಡಿ ಮಾತ್ರ ಉಳಿದಿತ್ತು. ಮುಂದಿನ ವಿಮಾನಕ್ಕೆ ಆರು ತಾಸೂ ಇಲ್ಲ, ಊಟ ಬದಲಿಸಲಿಕ್ಕೆ ಆಗುವುದಿಲ್ಲ ಎಂದರು. ಶಿಕಾಗೋವರೆಗೆ ಮತ್ತೆ ಹಣ್ಣು.

ವಾಪಸ್ ಬರುವಾಗ ಮಗ ಬುದ್ಧಿ ಕಲಿತಿದ್ದ. ಊಟದ ಜಾಗದಲ್ಲಿ ಜಿ.ಎಫ್.ಎಂ.ಎಲ್. ಎಂದು ಹಾಕಿಸಿದ. ವಿಮಾನ ಕಂಪನಿಗಳ ಭಾಷೆಯಲ್ಲಿ ಗ್ಲುಟೆನ್ ಇಲ್ಲದ ಊಟಕ್ಕೆ ಇದೇ ನಾಲ್ಕು ಅಕ್ಷರದ ಹೆಸರು. ಹಿಂದೂ ವೆಜಿಟೇರಿಯನ್ ಎಂದರೆ ಎ.ವಿ.ಎಂ.ಎಲ್. ಊಟ ಬಂತು. ಎಲ್ಲರಿಗಿಂತ ಮೊದಲು ನನಗೇ ಬಂತು. ಮುಚ್ಚಳದ ಮೇಲೆ ನನ್ನ ಸೀಟ್ ನಂಬರಿನ ಚೀಟಿ. ಖುಷಿಯಿಂದ ಮುಚ್ಚಳ ತೆಗೆದೆ. ಒಳಗೆ ಕೋಳಿ!

ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ತಿಂದವಳಲ್ಲ ನಾನು. ಆದರೆ ಇದರಲ್ಲೂ ಅವರ ತಪ್ಪಿಲ್ಲ, ನೋಡಿ. ಜಿ.ಎಫ್.ಎಂ.ಎಲ್. ಎಂದರೆ ಗ್ಲುಟೆನ್ ಇಲ್ಲ ಎಂದಷ್ಟೇ ಅರ್ಥ, ಕೋಳಿ ಮೀನು ಇಲ್ಲ ಎಂದಲ್ಲ. ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಗುರುತು ಹಾಕುತ್ತಾರೆ. ಸಸ್ಯಾಹಾರಿ ಅಂತ ಹಾಕಿದರೆ ಗೋಧಿ ಬರುತ್ತದೆ, ಗೋಧಿ ಬೇಡ ಅಂದರೆ ಕೋಳಿ ಬರುತ್ತದೆ. ಎರಡೂ ಬೇಡದವರು ಕಂಪ್ಯೂಟರಿನಲ್ಲಿ ಗುಂಡಿ ಒತ್ತಿ ಸುಮ್ನೆ ಕೂರಬಾರದು. ಫೋನ್ ಮಾಡಬೇಕು. ಗ್ಲುಟೆನ್ ಇರಬಾರದು, ಮಾಂಸ ಮೀನು ಮೊಟ್ಟೆಯೂ ಇರಬಾರದು ಎಂದು ಎರಡನ್ನೂ ಬಾಯಿಬಿಟ್ಟು ಹೇಳಬೇಕು. ಕೆಲವು ಕಂಪನಿಯವರು ಎಸ್.ಪಿ.ಎಂ.ಎಲ್. ಎಂಬ ಗುರುತಿನಲ್ಲಿ ಇದನ್ನು ಬರೆದುಕೊಳ್ಳುತ್ತಾರೆ. ಕೆಲವರು ಆಗುವುದಿಲ್ಲ ಎನ್ನುತ್ತಾರೆ. ಆಗುವುದಿಲ್ಲ ಎಂದರೂ ಒಳ್ಳೆಯದೇ, ಡಬ್ಬಿ ದೊಡ್ಡದು ಒಯ್ಯಬೇಕು ಅಂತ ಗೊತ್ತಾಯಿತಲ್ಲ. ಹೆಚ್ಚಿನ ಕಂಪನಿಗಳಿಗೆ 24 ತಾಸು ಮೊದಲು ಹೇಳಿದರೆ ಸಾಕು, ಕೆಲವಕ್ಕೆ 48 ತಾಸು ಬೇಕು. ನೀವು ಟಿಕೆಟ್ ಆದ ದಿನವೇ ಹೇಳಿ. ಹೊರಡುವ ಎರಡು ದಿನ ಮೊದಲು ಇನ್ನೊಮ್ಮೆ ಫೋನ್ ಮಾಡಿ ಕೇಳಿ. ನಾಚಿಕೆ ಬೇಡ. ಮದುವೆ ಅಡುಗೆ ಭಟ್ಟರಿಗೆ ನಾವು ಎಷ್ಟು ಸಲ ಫೋನ್ ಮಾಡುವುದಿಲ್ಲ?

ಕೈಯಲ್ಲಿ ಇನ್ನು ಒಂದೇ ಹಾಳೆ ಉಳಿದಿದೆ, ಬೇಗ ಬೇಗ ಹೇಳುತ್ತೇನೆ.

ಬಿಸಿನೆಸ್ ಕ್ಲಾಸಿನಲ್ಲಿ ಅಪಾಯ ಜಾಸ್ತಿ. ನಂಬಿ. ಹಿಂದಿನ ಸೀಟಿನವರಿಗೆ ಮುಚ್ಚಿದ ತಟ್ಟೆ ಹಾಗೇ ಕೈಗೆ ಬರುತ್ತದೆ. ಮುಂದಿನವರಿಗೆ ಎಷ್ಟೋ ಸಲ ಬಿಚ್ಚಿ, ಪಿಂಗಾಣಿಗೆ ಹಾಕಿ, ಚಂದ ಮಾಡಿ ಬಡಿಸುತ್ತಾರೆ. ಆಗಷ್ಟೇ ಬ್ರೆಡ್ ಮುಟ್ಟಿದ ಕೈ, ಬ್ರೆಡ್ ಎತ್ತಿದ ಇಕ್ಕಳ. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್ ಇಲ್ಲದ್ದು ಎಂದು ಮಾರುವಂತಿಲ್ಲ. ನಮ್ಮ ದೇಶದ ನಿಯಮವೂ ಅದೇ. ಬ್ರೆಡ್ಡಿನ ಪುಡಿ ಬಿದ್ದರೆ ಆ ಲೆಕ್ಕ ಎಲ್ಲಿ ಉಳಿಯುತ್ತದೆ? ಹಾಗಾಗಿ ನನ್ನ ಊಟ ಮುಚ್ಚಿದ ಹಾಗೇ ತನ್ನಿ, ನಾನೇ ಬಿಚ್ಚುತ್ತೇನೆ ಎಂದು ಹೇಳಿ.

ಎರಡು ಊಟದ ನಡುವೆ ಕೊಡುವ ಸ್ಯಾಂಡ್‌ವಿಚ್, ಬಿಸ್ಕತ್ತು, ಐಸ್ ಕ್ರೀಮಿನ ಜೊತೆಗಿನ ಕೇಕು ಯಾವುದೂ ನಿಮ್ಮ ನಾಲ್ಕು ಅಕ್ಷರದ ಲೆಕ್ಕಕ್ಕೆ ಸೇರುವುದಿಲ್ಲ. ಹತ್ತುವ ಮೊದಲು ವಿಮಾನ ನಿಲ್ದಾಣದಲ್ಲಿ ಲಾಂಜ್ ಎಂದು ಊಟಕ್ಕೆ ಕೂರಿಸುತ್ತಾರಲ್ಲ, ಅಲ್ಲಿಯದೂ ಇಲ್ಲ. ಅಲ್ಲಿ ಸೂಪಿಗೆ ಮೈದಾ ಕದಡಿರುತ್ತಾರೆ, ಸೋಯಾ ಸಾಸಿಗೆ ಗೋಧಿ ಹಾಕಿ ಮಾಡುತ್ತಾರೆ, ಇಡ್ಲಿಗೂ ಉಪ್ಪಿಟ್ಟಿಗೂ ಒಂದೇ ಚಮಚ ಓಡಾಡುತ್ತಿರುತ್ತದೆ. ಬಾಳೆಹಣ್ಣು ಸುಲಿದು ತಿನ್ನಿ, ಸಾಕು. ಬಿಯರ್ ಬಾರ್ಲಿಯದು. ಯಾರು ಕುಡಿಯುತ್ತೀರಿ ಅಂತ ನಾನು ಕೇಳುವುದಿಲ್ಲ.

ಸೀಟ್ ಬದಲಿಸಿಕೊಂಡರೆ ಗಗನಸಖಿಗೆ ಹೇಳಿ, ಚೀಟಿ ಇರುವುದು ಹಳೇ ಸೀಟಿನ ನಂಬರಿಗೆ. ಎರಡು ವಿಮಾನ ಇದ್ದರೆ ಎರಡಕ್ಕೂ ಊಟ ಬರೆಸಿದ್ದಾರಾ ಅಂತ ಕೇಳಿ. ಮಂಜು ಮಳೆ ಅಂತ ವಿಮಾನವೇ ಬದಲಾದರೆ ನಿಮ್ಮ ಊಟ ಹಳೇ ವಿಮಾನದ ಲೆಕ್ಕದಲ್ಲೇ ಉಳಿದುಬಿಡಬಹುದು. ಆಗ ಕೈ ಹಿಡಿಯುವುದು ಡಬ್ಬಿಯೊಂದೇ.

ಡಬ್ಬಿಯಲ್ಲಿ ಒಣ ತಿಂಡಿ ಇರಲಿ. ತೊಡದೇವು, ಒಗ್ಗರಣೆ ಅವಲಕ್ಕಿ, ಹುರಿದ ಹಲಸಿನ ಹಪ್ಪಳ, ಅಕ್ಕಿ ಚಕ್ಕುಲಿ. ಚಕ್ಕುಲಿಗೆ ಯಾವ ಹಿಂಗು ಹಾಕಿದ್ದೀರಿ ಅಂತ ಒಮ್ಮೆ ನೋಡಿಕೊಳ್ಳಿ. ಅಪ್ಪೆಹುಳಿ ಬಾಟಲಿ ಮಾತ್ರ ಬೇಡ. 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯ ದ್ರವವನ್ನು ಹೆಚ್ಚಿನ ಕಡೆ ತಪಾಸಣೆಯಲ್ಲಿ ಬಿಡುವುದಿಲ್ಲ. ನಮ್ಮ ಕಡೆಯ ಒಬ್ಬರು ಬೆಂಗಳೂರಿನ ತಪಾಸಣೆ ಮೇಜಿನ ಮುಂದೆ ನಿಂತು ಮುಕ್ಕಾಲು ಲೀಟರ್ ಕುಡಿದು ಒಳಗೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ತುಪ್ಪ, ಹಾಲಿನ ತಿಂಡಿಗಳನ್ನು ಯುರೋಪಿನ ದೇಶಗಳ ಒಳಗೆ ಒಯ್ಯುವಂತಿಲ್ಲ. ವಿಮಾನದಲ್ಲೇ ತಿಂದು ಮುಗಿಸಿ.

ಹೋದ ಮಾಘದಲ್ಲಿ ಮತ್ತೆ ಹೋಗಿದ್ದೆ. ಈ ಸಲ ನಾನೇ ಫೋನ್ ಮಾಡಿದ್ದೆ, ಮೂರು ಸಲ. ಅನ್ನ, ಬೇಯಿಸಿದ ತರಕಾರಿ, ಕಡಲೆ ಹಾಕಿದ ಒಂದು ಪಲ್ಯ ಬಂತು. ಮುಚ್ಚಳದ ಮೇಲೆ ಚೀಟಿ ಇತ್ತು, ನಾನೇ ಬಿಚ್ಚಿದೆ. ಉಪ್ಪು ಖಾರ ಏನೂ ಇರಲಿಲ್ಲ. ಪೂರ್ತಿ ಉಂಡೆ. ತೊಡದೇವು ಈ ಸಲ ಶಿಕಾಗೋ ಮುಟ್ಟಿತು, ಮೊಮ್ಮಗಳು ಅದನ್ನು ನೋಡಿ, ಅಜ್ಜಿ ಇದು ಪೇಪರಾ ಎಂದು ಕೇಳಿದಳು.

ನಮಸ್ಕಾರ.