ಮೇನ್‌ಫ್ರೇಮ್ ಭದ್ರತಾ ಸರ್ವರ್: ಕ್ಯೂ ಮಿತಿಯನ್ನು ಏರಿಸುವ ಮುನ್ನ

[ಪರದೆ: ಜೆಡ್‌ಓಎಸ್ ಕನ್ಸೋಲ್, ಬಿಪಿಎಕ್ಸ್‌ಐ039ಐ ಸಂದೇಶ]

ನಮಸ್ಕಾರ. ಪ್ರೊಸೆಸ್‌ಗಳು, ಅಂದರೆ ಓಡುತ್ತಿರುವ ಪ್ರೋಗ್ರಾಂಗಳು, ಪರಸ್ಪರ ಸಂದೇಶ ಕಳುಹಿಸಲು ಬಳಸುವ ಸಾಲೇ ಮೆಸೇಜ್ ಕ್ಯೂ. ಮೇನ್‌ಫ್ರೇಮ್‌ನ ಕಾರ್ಯಾಚರಣಾ ವ್ಯವಸ್ಥೆಯಾದ ಜೆಡ್‌ಓಎಸ್‌ನಲ್ಲಿ ಈ ಕ್ಯೂಗಳ ಸಂಖ್ಯೆಗೊಂದು ಮಿತಿಯಿದೆ: ಐಪಿಸಿಎಂಎಸ್‌ಜಿಎನ್‌ಐಡಿಎಸ್. ಅದರ ಶೇ 85 ತುಂಬಿದೆ ಎಂದು ಕನ್ಸೋಲ್ ಎಚ್ಚರಿಸುತ್ತಿದೆ. ಭದ್ರತಾ ತಂತ್ರಾಂಶದ ಎಲ್‌ಡ್ಯಾಪ್ ಸರ್ವರ್ (ಬಳಕೆದಾರರ ವಿವರಗಳ ಕೋಶವನ್ನು ಒದಗಿಸುವ ಸರ್ವರ್) ನೋಡಿಕೊಳ್ಳುವವರಿಗೆ ತಟ್ಟನೆ ಹೊಳೆಯುವ ಉಪಾಯ ಒಂದೇ: ಮಿತಿಯನ್ನು ಇಮ್ಮಡಿ ಮಾಡುವುದು. ಎಚ್ಚರಿಕೆ ಮಾಯವಾಗುತ್ತದೆ ನಿಜ, ಕಾರಣ ಮಾತ್ರ ಅಲ್ಲೇ ಉಳಿಯುತ್ತದೆ.

ಈ ಎಚ್ಚರಿಕೆ ಕಂಡಿದೆ ಎಂದರೆ ನಿಮ್ಮಲ್ಲಿ ಯಾರೋ ಮಿತಿ ತುಂಬುತ್ತಿದ್ದಂತೆ ಎಚ್ಚರಿಸುವ ಲಿಮ್‌ಎಂಎಸ್‌ಜಿ ಸೌಲಭ್ಯವನ್ನು ಚಾಲೂ ಮಾಡಿದ್ದಾರೆ. ಅವರಿಗೊಂದು ಧನ್ಯವಾದ ಹೇಳಿ. ಅದಿಲ್ಲದಿದ್ದರೆ 85, 90, 95 ಎಲ್ಲವೂ ಸದ್ದಿಲ್ಲದೆ ದಾಟಿ, ಹೊಸ ಕ್ಯೂ ಸಿಗದೆ ಸರ್ವರ್ ನಿಂತಾಗಲೇ ವಿಷಯ ತಿಳಿಯುತ್ತಿತ್ತು.

[ಪರದೆ: ಡಿ ಓಎಂವಿಎಸ್,ಎಲ್ ಆದೇಶದ ಉತ್ತರ]

ಮೊದಲು ಈ ಆದೇಶ ಕೊಡಿ. ಪ್ರತಿ ಮಿತಿಯ ಎದುರು ಈಗಿನ ಬಳಕೆ, ಇದುವರೆಗಿನ ಗರಿಷ್ಠ ಬಳಕೆ ಮತ್ತು ಮಿತಿ ಕಾಣುತ್ತವೆ. ಐಪಿಸಿಎಂಎಸ್‌ಜಿಎನ್‌ಐಡಿಎಸ್ ಇಡೀ ಸಿಸ್ಟಂನಲ್ಲಿರಬಹುದಾದ ಕ್ಯೂಗಳ ಸಂಖ್ಯೆ. ನೀವು ಬೇರೆ ಬರೆಯದಿದ್ದರೆ 500. ಐಪಿಸಿಎಂಎಸ್‌ಜಿಕ್ಯೂಬೈಟ್ಸ್ ಮತ್ತು ಐಪಿಸಿಎಂಎಸ್‌ಜಿಕ್ಯೂಎಂನಮ್ ಒಂದೊಂದು ಕ್ಯೂಗೆ ಸೇರಿದವು: ಎಷ್ಟು ಬೈಟ್, ಎಷ್ಟು ಸಂದೇಶ. ಇವೆರಡಕ್ಕೆ ಈಗಿನ ಬಳಕೆಯ ಜಾಗದಲ್ಲಿ ಗೆರೆಗಳಷ್ಟೇ ಇರುತ್ತವೆ. ಆ ಲೆಕ್ಕಕ್ಕೆ ಯುನಿಕ್ಸ್ ಶೆಲ್‌ಗೆ (ಯುನಿಕ್ಸ್ ಆದೇಶ ಕೊಡುವ ಜಾಗ) ಹೋಗಿ, ಕ್ಯೂಗಳ ಪಟ್ಟಿ ಕೊಡುವ ಐಪಿಸಿಎಸ್ ಆದೇಶ ಬಳಸಬೇಕು.

[ಪರದೆ: ಐಪಿಸಿಎಸ್ ಆದೇಶದ ಪಟ್ಟಿ]

ಇಲ್ಲಿ ಗಮನವಿಟ್ಟು ನೋಡಿ. ಮೆಸೇಜ್ ಕ್ಯೂ ತನ್ನನ್ನು ಸೃಷ್ಟಿಸಿದ ಪ್ರೊಸೆಸ್ ಜೊತೆ ಸಾಯುವುದಿಲ್ಲ. ಸರ್ವರನ್ನು ಕ್ರಮವಾಗಿ ನಿಲ್ಲಿಸಿದರೆ ಅದು ತನ್ನ ಕ್ಯೂ ಅಳಿಸಿ ಹೋಗಬಹುದು. ಕ್ಯಾನ್ಸಲ್ ಮಾಡಿದರೆ, ಅಂದರೆ ಬಲವಂತವಾಗಿ ನಿಲ್ಲಿಸಿದರೆ, ಅದಕ್ಕೆ ಅವಕಾಶವೆಲ್ಲಿ? ಮರುಚಾಲನೆಯಲ್ಲಿ ಹೊಸ ಕ್ಯೂ ಹುಟ್ಟುತ್ತದೆ, ಹಳೆಯದು ವಾರಸುದಾರರಿಲ್ಲದೆ ಉಳಿಯುತ್ತದೆ. ಅವಸರದ ಕ್ಯಾನ್ಸಲ್‌ಗಳು ಹೀಗೆ ಒಂದೊಂದಾಗಿ ಮಿತಿಯನ್ನು ತುಂಬುತ್ತವೆ. ಸರ್ವರ್ ಬಳಕೆದಾರನ ಹೆಸರಿನಲ್ಲಿರುವ ಕ್ಯೂಗಳನ್ನು ಹುಡುಕಿ, ಕೊನೆಯದಾಗಿ ಸಂದೇಶ ಕಳುಹಿಸಿದ ಮತ್ತು ಪಡೆದ ಪ್ರೊಸೆಸ್‌ಗಳ ಗುರುತು ಸಂಖ್ಯೆ ನೋಡಿ. ಆ ಪ್ರೊಸೆಸ್‌ಗಳು ಈಗಿಲ್ಲ, ಬಹುಕಾಲದಿಂದ ಚಲನೆಯೂ ಇಲ್ಲ ಎಂದಾದರೆ ಅನುಮಾನ ಪಡಿ. ತಂತ್ರಾಂಶದ ಒಡೆಯರನ್ನು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಐಪಿಸಿಆರ್‌ಎಂ ಆದೇಶ ಬಳಸಿ ಅಳಿಸಿ. ಜೀವಂತ ಕ್ಯೂ ಅಳಿಸಿದರೆ ಅದರಲ್ಲಿದ್ದ ಸಂದೇಶಗಳೂ ಹೋದವು.

ಕ್ಯೂಗಳು ಕೆಲವೇ ಇದ್ದು ಒಂದರಲ್ಲಿ ಮಾತ್ರ ಸಂದೇಶ ರಾಶಿ ಬಿದ್ದಿದ್ದರೆ ಕಥೆಯೇ ಬೇರೆ. ಕಳುಹಿಸುವವನು ಚುರುಕಾಗಿದ್ದಾನೆ, ಓದುವವನು ಸಿಕ್ಕಿಕೊಂಡಿದ್ದಾನೆ. ಕ್ಯೂ ತುಂಬಿದಾಗ ಕಳುಹಿಸುವ ಪ್ರೊಸೆಸ್ ಕಾಯುತ್ತ ನಿಲ್ಲಬಹುದು. ಅದರ ಹಿಂದೆ ಲಾಗಿನ್ ಕೋರಿಕೆಗಳೂ ನಿಲ್ಲಬಹುದು. ಓದುವ ಪ್ರೊಸೆಸ್ ಯಾವುದಕ್ಕೆ ಕಾಯುತ್ತಿದೆ ಎಂಬುದೇ ಪ್ರಶ್ನೆ. ಜಾಗ ಹೆಚ್ಚಿಸಿದರೆ ರಾಶಿ ದೊಡ್ಡದಾಗುತ್ತದೆ, ಅಷ್ಟೇ.

[ಪರದೆ: ಸೆಟ್‌ಓಎಂವಿಎಸ್ ಆದೇಶ]

ಅನಾಥ ಕ್ಯೂಗಳಿಲ್ಲ, ಕೆಲಸವೇ ಹೆಚ್ಚಿದೆ ಎಂದು ಖಾತ್ರಿಯಾದರೆ ಧೈರ್ಯವಾಗಿ ಮಿತಿ ಏರಿಸಿ. ಸೆಟ್‌ಓಎಂವಿಎಸ್ ಮೂಲಕ ಸಿಸ್ಟಂ ನಿಲ್ಲಿಸದೆ ಬದಲಿಸಬಹುದು, ಆದರೆ ಮುಂದಿನ ಐಪಿಎಲ್ (ಇಡೀ ಸಿಸ್ಟಂನ ಮರುಚಾಲನೆ) ತನಕ ಮಾತ್ರ. ಉಳಿಯಬೇಕಾದರೆ ಸಿಸ್ಟಂ ಸೆಟ್ಟಿಂಗ್‌ಗಳ ಸಂಗ್ರಹವಾದ ಪಾರ್ಮ್‌ಲಿಬ್‌ನ ಬಿಪಿಎಕ್ಸ್‌ಪಿಆರ್‌ಎಂ ಸದಸ್ಯದಲ್ಲೂ (ಅದರೊಳಗಿನ ಕಡತ) ಬರೆಯಿರಿ. ಬೈಟ್ ಮಿತಿಯನ್ನು ಏರಿಸುವವರಿಗೆ ಇನ್ನೊಂದು ಮಾತು: ಕ್ಯೂ ಈ ಮಿತಿಯನ್ನು ಪಡೆಯುವುದು ಹುಟ್ಟುವಾಗ. ಹಾಗಾಗಿ ಈಗಾಗಲೇ ಇರುವ ಕ್ಯೂ ಹಳೆಯ ಅಳತೆಯಲ್ಲೇ ಇರುತ್ತದೆ. ಸರ್ವರನ್ನು ಕ್ರಮವಾಗಿ ನಿಲ್ಲಿಸಿ, ಹಳೆಯ ಕ್ಯೂ ಅಳಿದಿದೆಯೇ ನೋಡಿ, ಮತ್ತೆ ಆರಂಭಿಸಿ.