ಓದುವ ಮಗುವಿಗೆ ‘ಹೂಂ’ ಅನ್ನುವವರು ಬೇಕು

(ಹಾವೇರಿ ತಾಲ್ಲೂಕಿನ ಹಳ್ಳಿಯೊಂದರ ಅರಿವು ಕೇಂದ್ರದಲ್ಲಿ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಪಾಲಕರ ಮುಂದೆ ಆಡಿದ ಮಾತು)

ಊರ ಹಿರಿಯರೇ, ಅಕ್ಕ-ತಂಗಿಯರೇ,

ಶ್ರಾವಣ ಬಂತೆಂದರೆ ನಮ್ಮ ಕಡೆ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅದನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ನಾನು ಸಣ್ಣವಳಿದ್ದಾಗ ಕೇಳಲು ಕೂತವರಲ್ಲಿ ಎಷ್ಟೋ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಕರ್ಣ ಸಾಯುವ ದಿನ ಸೆರಗಿನಿಂದ ಕಣ್ಣೊರೆಸಿಕೊಂಡೇ ಮನೆಗೆ ಹೋಗುತ್ತಿದ್ದರು. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದನೆಂದು ನಾವೆಲ್ಲ ನಂಬಿದ ಭಾರತ ಹಳ್ಳಿಹಳ್ಳಿಗೆ ಮುಟ್ಟಿದ್ದು ಹೀಗೆ ಕಿವಿಯ ದಾರಿ ಹಿಡಿದು. ಮಕ್ಕಳಿಗೆ ಓದಿನ ರುಚಿ ಹತ್ತಿಸುವುದಕ್ಕೂ ನಾನು ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ.

ಮೂವತ್ತು ವರ್ಷ ಕನ್ನಡ ಸಾಲಿಯಲ್ಲಿ ಒಂದನೆ, ಎರಡನೆ ಇಯತ್ತೆಗೆ ಕಲಿಸಿದವಳು ನಾನು. ನಮ್ಮ ಲಿಪಿಯಲ್ಲಿ ವ್ಯಂಜನಗಳೇ 34. ಅವಕ್ಕೆ ಕಾಗುಣಿತ ಹಚ್ಚಿದರೆ 400ಕ್ಕೂ ಹೆಚ್ಚು ರೂಪಗಳಾಗುತ್ತವೆ, ಆಮೇಲೆ ಒತ್ತಕ್ಷರ ಬೇರೆ. ಇವೆಲ್ಲ ಕಣ್ಣಿಗೆ ಸಲೀಸಾಗಲು ಬಹಳ ಮಕ್ಕಳಿಗೆ ಮೂರನೆ, ನಾಲ್ಕನೆ ಇಯತ್ತೆಯೇ ಬರಬೇಕು. ಅಲ್ಲಿಯ ತನಕ ಮಗು ಅಕ್ಷರ ಕೂಡಿಸಿ ಕೂಡಿಸಿ ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಮೊದಲನೆ ಶಬ್ದ ಮರೆತಿರುತ್ತದೆ. ಅದಕ್ಕೆ ದಡ್ಡ ಅನ್ನಬೇಡಿರಿ.

ಇನ್ನೊಂದು ತೊಡಕು ನಮ್ಮ ಭಾಗದ ಮಕ್ಕಳಿಗೇ ಹೆಚ್ಚು. ಮನೆಯಲ್ಲಿ ನಾವು ‘ಅಂವ ಎಲ್ಲಿ ಹೊಂಟಾನ?’ ಅನ್ನುತ್ತೇವೆ. ಪುಸ್ತಕ ‘ಅವನು ಎಲ್ಲಿಗೆ ಹೋಗುತ್ತಿದ್ದಾನೆ?’ ಅನ್ನುತ್ತದೆ. ‘ಹೋಗುತ್ತಿದ್ದಾನೆ’ ಅನ್ನುವುದರಲ್ಲಿ ಐದು ಅಕ್ಷರ, ಅದರಲ್ಲಿ ಎರಡಕ್ಕೆ ಒತ್ತು. ಆ ಶಬ್ದವನ್ನು ಅವ್ವನೂ ಆಡಿಲ್ಲ, ಅಪ್ಪನೂ ಆಡಿಲ್ಲ, ಓಣಿಯಲ್ಲಿ ಯಾರೂ ಆಡಿಲ್ಲ. ಕೇಳದ ಶಬ್ದವನ್ನು ಮಗು ಹೇಗೆ ಗುರುತು ಹಿಡಿಯಬೇಕು? ಮನೆಯಲ್ಲಿ ಯಾರಾದರೂ ಓದಿ ಹೇಳುತ್ತಿದ್ದರೆ ‘ಹೋಗು’ ಅಂತ ಕಂಡದ್ದೇ ತಡ, ಉಳಿದದ್ದು ತಾನಾಗಿ ಬಾಯಿಗೆ ಬರುತ್ತದೆ. ಹಾಗೆ ಓದುವ ಮಗುವನ್ನು ಮೊದಲನೆ ವಾರದಲ್ಲೇ ನಾನು ಗುರುತು ಹಿಡಿಯುತ್ತಿದ್ದೆ.

ಆದ್ದರಿಂದ ಪುರಾಣದ ಪದ್ಧತಿಯನ್ನೇ ಮನೆಗೆ ತನ್ನಿರಿ. ‘ರಾಜನು ಚಿಂತಾಕ್ರಾಂತನಾದನು’ ಅಂತ ಇದ್ದರೆ ಇದ್ದ ಹಾಗೇ ಓದಿರಿ. ಆಮೇಲೆ ‘ಅಂದ್ರ ರಾಜಾಗ ಭಾಳ ಚಿಂತಿ ಹತ್ತಿತು’ ಅನ್ನಿರಿ. ಎರಡೂ ಬೇಕು. ಬರೇ ನಮ್ಮ ಮಾತಿನಲ್ಲಿ ಹೇಳಿ ಮುಗಿಸಿದರೆ ಪುಸ್ತಕದ ಕನ್ನಡ ಮಗುವಿನ ಕಿವಿಗೆ ಬೀಳುವುದಿಲ್ಲ. ಬರೇ ಪುಸ್ತಕದ್ದು ಓದಿದರೆ ಕಥೆ ಪರರ ಮನೆಯದಾಗಿ ಉಳಿಯುತ್ತದೆ. ಮನೆಮಾತಿನಿಂದ ಮಕ್ಕಳ ಕನ್ನಡ ಕೆಡುತ್ತದೆ ಅಂತ ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಮಗು ಆ ಮಾತಿನ ಮೇಲೆ ನಿಂತುಕೊಂಡೇ ಪುಸ್ತಕಕ್ಕೆ ಕೈ ಚಾಚುವುದು.

‘ನಮಗ ಓದಾಕ ಬರೂದಿಲ್ರೀ ಅಕ್ಕಾರ’ ಅಂತ ಇಲ್ಲಿ ಕೆಲವರು ಮನಸ್ಸಿನಲ್ಲಿ ಅಂದುಕೊಂಡಿರಬಹುದು. ಅವರಿಗಾಗಿಯೇ ಇದನ್ನು ಹೇಳುತ್ತೇನೆ. ನಾನು ಬ್ಯಾಡಗಿ ಕಡೆ ಕೆಲಸ ಮಾಡುವಾಗ ಎರಡನೆ ಇಯತ್ತೆಯಲ್ಲಿ ಒಬ್ಬ ಹುಡುಗಿ ನೀರು ಕುಡಿದ ಹಾಗೆ ಓದುತ್ತಿದ್ದಳು. ಮನೆಯಲ್ಲಿ ಯಾರು ಕಲಿಸುತ್ತಾರೆ ಅಂತ ನೋಡಲು ಒಂದು ಸಂಜೆ ಹೋದೆ. ಅವ್ವ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಘಾಟಿಗೆ ನನಗೆ ಹೊಸ್ತಿಲಲ್ಲೇ ಸೀನು ಬಂತು. ಹುಡುಗಿ ಒಂದು ಮಾರು ದೂರ ಕೂತು ಜೋರಾಗಿ ಓದುತ್ತಿದ್ದಳು. ‘ಖಾರದ ಕೈರೀ, ಪುಸ್ತಕ ನಾ ಮುಟ್ಟೂದಿಲ್ಲ’ ಅಂದಳು ಅವ್ವ. ಮುಟ್ಟಿದ್ದರೂ ಆಕೆಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಪ್ರತಿ ಸಾಲಿಗೂ ‘ಹೂಂ’ ಅನ್ನುತ್ತಿದ್ದಳು. ಮಗಳು ತಪ್ಪು ಓದಿ ಅರ್ಥ ಕೆಟ್ಟಲ್ಲಿ ಆ ‘ಹೂಂ’ ನಿಲ್ಲುತ್ತಿತ್ತು. ಹುಡುಗಿ ತಾನೇ ಹಿಂದಕ್ಕೆ ಹೋಗಿ ಆ ಸಾಲನ್ನು ಮತ್ತೆ ಓದುತ್ತಿದ್ದಳು. ಪುಟ ಮುಗಿದಾಗ ಅವ್ವ ತಲೆ ಎತ್ತಿ, ‘ಮುಂದೇನಾತವಾ?’ ಅಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಸ್ವಂತ ಮಗನಿಗೆ ನಾನು ದಿನಾ ಕಥೆ ಓದಿ, ಮುಗಿದ ಕೂಡಲೇ ‘ಇದರ ನೀತಿ ಏನು? ನರಿ ಯಾಕೆ ಸೋತಿತು?’ ಅಂತ ಕೇಳುತ್ತಿದ್ದೆ. ಉತ್ತರ ಬರದಿದ್ದರೆ ಇನ್ನೊಮ್ಮೆ ಓದಿಸುತ್ತಿದ್ದೆ. ಸ್ವಲ್ಪ ದಿನದಲ್ಲಿ ಆ ಪುಸ್ತಕವೇ ಕಾಣೆಯಾಯಿತು. ದೀಪಾವಳಿಗೆ ಮನೆ ಸಾರಿಸುವಾಗ ಟ್ರಂಕಿನ ಹಿಂದೆ ಸಿಕ್ಕಿತು. ಅಲ್ಲಿ ತುರುಕಿಟ್ಟವನು ಅವನೇ. ಅವನ ಕಥೆಯನ್ನು ನಾನು ಪರೀಕ್ಷೆ ಮಾಡಿಬಿಟ್ಟಿದ್ದೆ. ಆಮೇಲೆ ನೀತಿ ಕೇಳುವುದನ್ನು ಬಿಟ್ಟೆ. ಅವನು ಒಂದೇ ಕಥೆಯನ್ನು ಇಪ್ಪತ್ತು ಸಲ ಓದು ಅಂದರೂ ಓದಿದೆ. ಮತ್ತೆ ನನ್ನ ಹತ್ತಿರ ಬಂದು ಕೂಡಲು ಅವನಿಗೆ ಒಂದು ವರ್ಷ ಹಿಡಿಯಿತು.

ಪುಸ್ತಕ ಎಲ್ಲಿಂದ ತರುವುದು ಅನ್ನುವ ಮಾತು ಈಗ ಮೊದಲಿನಷ್ಟು ದೊಡ್ಡದಲ್ಲ. ನಮ್ಮ ಜಿಲ್ಲೆಯವರೇ ಆದ ಗಳಗನಾಥರು (1869–1942) ಸಾಲಿ ಮಾಸ್ತರರಾಗಿದ್ದವರು. ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಆಗ ಪುಸ್ತಕ ಮನೆಬಾಗಿಲಿಗೆ ಬರಬೇಕಾದರೆ ಬರೆದವರೇ ಕಾಲು ಸವೆಸಬೇಕಿತ್ತು. ಈಗ ಅದು ಪಂಚಾಯಿತಿಯ ಮಗ್ಗುಲಿಗೇ ಬಂದಿದೆ. ‘ಓದುವ ಬೆಳಕು’ ಕಾರ್ಯಕ್ರಮ 2020ರ ನವೆಂಬರದಲ್ಲಿ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಪುಕ್ಕಟೆ. ಮಗುವನ್ನು ಕರೆದುಕೊಂಡು ಬನ್ನಿರಿ, ಪುಸ್ತಕ ಅದೇ ಆರಿಸಲಿ. ಚಿತ್ರ ನೋಡಿ ಆರಿಸಿದರೂ ಸರಿ, ತೀರ ಸಣ್ಣದನ್ನು ಆರಿಸಿದರೂ ಸರಿ. ಮನೆಯಲ್ಲಿ ಅದನ್ನು ಶೋಕೇಸಿನಲ್ಲಿ ಇಟ್ಟು ಕೀಲಿ ಹಾಕಬೇಡಿರಿ, ಮಗುವಿನ ಕೈಗೆ ಎಟುಕುವಲ್ಲಿ ಇಡಿರಿ. ಹರಿದರೆ ಅನ್ನ ಹಚ್ಚಿ ಅಂಟಿಸಬಹುದು.

ಮೊಬೈಲಿನ ಬಗ್ಗೆ ಕೇಳುತ್ತೀರಿ, ಗೊತ್ತು. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನಿಮ್ಮದನ್ನು ಮೊದಲು ಬದಿಗಿಡಿರಿ, ಇಷ್ಟೇ ನಾನು ಹೇಳುವುದು. ಅಪ್ಪಂದಿರಿಗೂ ಈ ಮಾತು ಸೇರಿತು. ಓದಿ ಹೇಳುವುದು ಹೆಂಗಸರ ಕೆಲಸ ಅಂತ ಯಾರೂ ಬರೆದಿಟ್ಟಿಲ್ಲ.

ಮಕ್ಕಳು ಬಾಗಿಲ ಹತ್ತಿರ ಬಂದು ನಿಂತಿದ್ದಾರೆ. ಒಳಗೆ ಬನ್ನಿರಪ್ಪಾ, ಚಾಪೆಯ ಮೇಲೆ ಜಾಗ ಇದೆ. ಆ ಮೂಲೆಯ ರ‍್ಯಾಕಿನಿಂದ ಯಾವುದಾದರೊಂದು ಪುಸ್ತಕ ತಾ, ತಂಗೀ. ನಾನು ಓದುತ್ತೇನೆ. ‘ಹೂಂ’ ಅನ್ನುವವರು ಇವತ್ತು ನಿಮ್ಮ ಅವ್ವ-ಅಪ್ಪ.