ಬುರುಡೆಗೆ ಮೂಗಿಲ್ಲ, ಆದರೂ ಅಳೆಯುತ್ತೇವೆ

ಕೇಳುಗರೇ, ನಮಸ್ಕಾರ. ನಿಮ್ಮ ಮೂಗನ್ನೊಮ್ಮೆ ಮೇಲಿನಿಂದ ಕೆಳಗೆ ಸವರಿ ನೋಡಿ. ಮೇಲೆ ಗಟ್ಟಿ, ಕೆಳಗೆ ಮೆತ್ತಗೆ, ಅಲ್ವಾ? ಆ ಮೆತ್ತನೆಯ ಭಾಗ ಸತ್ತ ಮೇಲೆ ಉಳಿಯುವುದಿಲ್ಲ. ಅದಕ್ಕೇ ಬುರುಡೆಯಲ್ಲಿ ಮೂಗಿನ ಜಾಗದಲ್ಲಿ ಒಂದು ತೂತು ಮಾತ್ರ ಕಾಣುತ್ತದೆ. ಅಂಗರಚನೆ ಪಾಠ ಮಾಡುವ ನಮ್ಮಂಥವರು ಅಳೆಯುವುದು ಅದನ್ನೇ.

ಬುರುಡೆ ಉರುಳದಂತೆ ಬಟ್ಟೆಯ ಸಿಂಬಿಯ ಮೇಲೆ ಇಡುತ್ತೇವೆ. ತೂತಿನ ಅಂಚು ಹಪ್ಪಳದಷ್ಟು ತೆಳು. ಅಳೆಯುವ ಚಿಮಟದಂಥ ಕ್ಯಾಲಿಪರ್ ಸ್ವಲ್ಪ ಒತ್ತಿದರೂ ಚೂರು ಉದುರುತ್ತದೆ. ಹಣೆಯ ಮೂಳೆಗೆ ಮೂಗಿನ ಮೂಳೆ ಸೇರುವ ಗೆರೆಯಿಂದ ತೂತಿನ ಬುಡದವರೆಗೆ ಎತ್ತರ. ತೂತು ಎಲ್ಲಿ ಜಾಸ್ತಿ ಹರಡಿದೆಯೋ ಅಲ್ಲಿ ಅಗಲ. ಎತ್ತರ 50 ಮಿಲಿಮೀಟರ್, ಅಗಲ 25 ಬಂತು ಅನ್ನಿ. ಅಗಲವನ್ನು ಎತ್ತರದಿಂದ ಭಾಗಿಸಿ 100ರಿಂದ ಗುಣಿಸಿದರೆ 50. ಇದೇ ನಾಸಿಕ ಸೂಚ್ಯಂಕ. 47ಕ್ಕಿಂತ ಕಡಿಮೆಯಾದರೆ ಕಿರಿದಾದ ಮೂಗು, 51 ಮುಟ್ಟಿದರೆ ಅಗಲದ್ದು, ನಡುವಿನದು ಮಧ್ಯಮ.

ಇದರಿಂದ ಏನು ಉಪಯೋಗ? ಮೂಗಿನ ಶಸ್ತ್ರಚಿಕಿತ್ಸೆಗೆ ಬೇಕು. ಸಿಕ್ಕ ಬುರುಡೆ ಗಂಡಿನದೋ ಹೆಣ್ಣಿನದೋ ಅನ್ನುವುದಕ್ಕೆ ಒಂದು ಸುಳಿವೂ ಆದೀತು, ಅದೊಂದನ್ನೇ ನಂಬುವ ಹಾಗಿಲ್ಲ ಅಷ್ಟೇ. ಹವಾಮಾನಕ್ಕೂ ಮೂಗಿಗೂ ನಂಟಿದೆ. ಚಳಿಯ, ಒಣ ನಾಡುಗಳಲ್ಲಿ ಮೂಗು ಸಾಮಾನ್ಯವಾಗಿ ಕಿರಿದು. ಒಳಗೆ ಹೋಗುವ ಗಾಳಿ ಬೆಚ್ಚಗಾಗಿ ತೇವವಾಗಬೇಕಲ್ಲ! 1923ರಲ್ಲೇ ವಿಜ್ಞಾನಿಗಳಾದ ಥಾಮ್ಸನ್ ಮತ್ತು ಬಕ್ಸ್‌ಟನ್ ಈ ನಂಟನ್ನು ಲೆಕ್ಕ ಹಾಕಿ ತೋರಿಸಿದ್ದರು.

ಆದರೆ ಇದೇ ಅಳತೆಯಿಂದ ನಮ್ಮ ದೇಶದಲ್ಲಿ ಕೆಟ್ಟ ಕೆಲಸವೂ ನಡೆಯಿತು. 1901ರ ಜನಗಣತಿಯ ಮುಖ್ಯಸ್ಥ, ಬ್ರಿಟಿಷ್ ಅಧಿಕಾರಿ ರಿಸ್ಲೆ, ಬದುಕಿದ್ದವರ ಮೂಗು ಅಳೆಸಿ, ಮೂಗು ಕಿರಿದಾದಷ್ಟೂ ಜಾತಿ ಮೇಲು ಎಂದು ವಾದಿಸಿದ. 1948ರಲ್ಲಿ ಅಂಬೇಡ್ಕರ್ ಅಂಥ ಅಳತೆಗಳನ್ನೇ ಮುಂದಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗವಲ್ಲ ಎಂದರು. ರಿಸ್ಲೆಯಂಥವರದೇ ಕೋಲು, ಅವರಿಗೇ ಏಟು.

ಈಗ ನನ್ನದೊಂದು ತಕರಾರು. 'ನಮ್ಮ ಭಾಗದ ಜನರ ಮೂಗಿನ ಅಳತೆ' ಅಂತ ಪ್ರಬಂಧ ಬರೆಯುತ್ತೇವೆ. ಕಪಾಟಿನಲ್ಲಿರುವ ಬುರುಡೆ ನಮ್ಮ ಭಾಗದ್ದೇ ಅಂತ ಹೇಳಿದವರು ಯಾರು? ಕೋಲ್ಕತ್ತದಿಂದ ಒಂದು ಕಾಲಕ್ಕೆ ಅಸ್ಥಿಪಂಜರಗಳು ಹಡಗಿನಲ್ಲಿ ವಿದೇಶಕ್ಕೆ ಹೋಗುತ್ತಿದ್ದವು. 1985ರಲ್ಲಿ ಸರ್ಕಾರ ಈ ರಫ್ತು ನಿಲ್ಲಿಸಿತು. ಅಷ್ಟು ದೂರ ಹೋದದ್ದು ನಮ್ಮ ರಾಜ್ಯಕ್ಕೆ ಬರಲಾರದೇ? ಹೋದ ತಿಂಗಳು ನಾನು ಅಳೆದ ಬುರುಡೆಯ ಹಣೆಯ ಮೇಲೆ ಕಪ್ಪು ಮಸಿಯಲ್ಲಿ 17 ಅಂತ ಬರೆದಿತ್ತು. ದಾಖಲೆ ಪುಸ್ತಕ ತೆಗೆದು ನೋಡಿದೆ. ಅಲ್ಲೂ 17 ಅಂತಲೇ ಇತ್ತು. ಊರಿನ ಕಾಲಂ ಖಾಲಿ.

ನಮಸ್ಕಾರ.